ಅಪ್ಪಯ್ಯ ಹೊಸ್ತಿಲಿಗೆ ಹೂವಿಟ್ಟ ಸೋಣೆ

ಆಗೆಲ್ಲ ನಮ್ಮ ಕಡೆ ಸೋಣೆ ತಿಂಗಳು ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಶಾಲೆಗೆ ಹೋಗುವಾಗ ದಾರಿಯ ಮನೆಗಳ ಹೊಸ್ತಿಲು ನೋಡಿದರೆ ಸಾಕಿತ್ತು. ಜಡಿಮಳೆ ಹಿಂದೆ ಸರಿದು, ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ಹನಿ ಎನ್ನುವಂಥ ದಿನಗಳು. ಮನೆಮನೆಯ ಹೆಂಗಸರು ಬೆಳಗ್ಗೆ ಎದ್ದು ಹೊಸ್ತಿಲು ತೊಳೆದು, ಬಿಳಿ ಶೇಡಿಮಣ್ಣಿನಲ್ಲಿ ಗೆರೆ ಎಳೆದು, ಅರಸಿನ ಕುಂಕುಮ ಹಚ್ಚಿ ಹೂವಿಡುತ್ತಿದ್ದರು. ತಿಂಗಳಿಡೀ. ಲಕ್ಷ್ಮಿ ಆ ತಿಂಗಳು ಬಾಗಿಲಿಗೆ ಬರುತ್ತಾಳೆಂದು ನಂಬಿಕೆ.

ನಮ್ಮ ಮನೆ ಕುಂದಾಪುರದ ಕಡೆ, ವಂಡ್ಸೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಸಣ್ಣ ನೀರಿನ ತೋಡು ದಾಟಿ. ಎರಡು ಕೋಣೆ, ಒಂದು ಜಗಲಿ. ಅಪ್ಪಯ್ಯ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣಿನ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮನನ್ನು ನಾನು ಅಬ್ಬಿ ಎನ್ನುತ್ತಿದ್ದೆ. ಅವರಿಗೆ ನಾನೊಬ್ಬನೇ ಮಗ. ತೋಡಿನ ಬದಿಯಿಂದ ಹೂ ಕೊಯ್ದು ತರುವುದು ನನ್ನ ಕೆಲಸ. ಕಾಲಿಗೆ ತಣ್ಣನೆಯ ಕೆಸರು, ಮೂಗಿಗೆ ಒದ್ದೆ ಹುಲ್ಲಿನ ವಾಸನೆ, ಕೈಯಲ್ಲಿ ಬಾಳೆಲೆಯ ಕೊಟ್ಟೆ. ಪೂಜೆ ಮುಗಿದ ಮೇಲೆ ಸಿಗುವ ಬೆಲ್ಲ, ಕಾಯಿಚೂರಿನ ಆಸೆಗೆ ನಾನು ಓಡುತ್ತಿದ್ದೆ. ಅದು ಬಾಯಿಗೆ ಬಿದ್ದ ಮೇಲೆಯೇ ಗಂಜಿ, ಹುರುಳಿ ಚಟ್ನಿ, ಶಾಲೆ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಸೋಣೆ ಶುರುವಾಗಿ ವಾರವಾಗಿರಲಿಲ್ಲ, ಅಬ್ಬಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಹೊಟ್ಟೆಯಲ್ಲಿ ಗಡ್ಡೆ. ಅಬ್ಬಿಯ ಅಕ್ಕ, ನನ್ನ ದೊಡ್ಡಮ್ಮ, ಜೊತೆಗೆ ನಿಲ್ಲಲು ಹೊರಟಳು. ಬಾಡಿಗೆ ಕಾರು ಹತ್ತುವ ಮುಂಚೆ ಅಬ್ಬಿ ಬಾಗಿಲ ಕಡೆ ತಿರುಗಿ ಹೇಳಿದಳು:

"ಹೊಸ್ಲ್ ಬರಿದ್ ಬಿಡ್ಬ್ಯಾಡಿ. ಸೋಣಿ ಮುಗಿವೊತ್ತಿಗೆ ನಾನ್ ಬತ್ತೆ."

ಮಾರನೆಯ ಬೆಳಗ್ಗೆ ಎದ್ದು ನೋಡುತ್ತೇನೆ, ಅಪ್ಪಯ್ಯ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ತಲೆಗೆ ಮುಂಡಾಸು, ಕೈಯಲ್ಲಿ ಶೇಡಿಯ ತೆಂಗಿನ ಚಿಪ್ಪು. ಅಬ್ಬಿ ಎಳೆಯುತ್ತಿದ್ದ ಬಳ್ಳಿಯ ಚಿತ್ತಾರ ಅವರ ಕೈಗೆ ಬರಲಿಲ್ಲ. ಹೆಂಚಿನ ಮೇಲೆ ಇರುವಂಥ ಗೆರೆ, ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ. ಬಾಯಲ್ಲಿ ಸಣ್ಣಗೆ ಭಜನೆಯ ಗುನುಗು.

ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ ನೋಡಿದಳು. "ಹ್ವಾಯ್! ಗಂಡ್ಸ್ರ್ ಹೊಸ್ಲ್ ಪೂಜಿ ಮಾಡುದಾ? ನಾನ್ ಎಲ್ಲೂ ಕಂಡದ್ದಿಲ್ಲೆ."

"ಈಗ ಕಂಡ್ರಲ್ದಾ ಗಿರಿಜಕ್ಕ."

"ಆ ಗೆರಿ ಕಂಡ್ರೆ ಲಕ್ಷ್ಮಿ ಹಂಗೇ ತಿರ್ಗಿ ಹೋಪುಳ್!"

"ಕಣ್ಣ್ ಮುಚ್ಕಂಡ್ ಬಪ್ಪುಕೆ ಹೇಳಿದ್ದೆ," ಎಂದರು ಅಪ್ಪಯ್ಯ, ತಲೆ ಎತ್ತದೆ.

ಗಿರಿಜಕ್ಕ ನಗುತ್ತಾ ಒಳಗೆ ಹೋದಳು. ಸಂಜೆ ಹುರುಳಿ ಸಾರು ತಂದುಕೊಟ್ಟವಳೂ ಅವಳೇ. ಕೆಟ್ಟವಳಲ್ಲ. ಆದರೆ ಬಾಯಿ. ಮಾತು ಶಾಲೆಯವರೆಗೆ ಬಂತು. ಒಡೆದ ಹೆಂಚಿನ ಚೂರು ಪೇರಿಸಿ ನಾವು ಲಗೋರಿ ಆಡುತ್ತಿದ್ದ ಜಾಗದಲ್ಲಿ ಗಿರಿಜಕ್ಕನ ಮಗ ಸುರೇಶ ಎಲ್ಲರಿಗೂ ಕೇಳುವಂತೆ ಕೂಗಿದ: "ಇವ್ನ್ ಅಪ್ಪಯ್ಯ ನಾಳಿಂದ ಕೈಗೆ ಬಳಿ ಹಾಕ್ಕಂತ್ರಂಬ್ರ್!" ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಆಟಕ್ಕೆ ಹೋಗಲಿಲ್ಲ. ಊಟದ ಹೊತ್ತಿಗೆ ಬಾವಿಕಟ್ಟೆಯ ಹಿಂದೆ ಒಬ್ಬನೇ ಕೂರುತ್ತಿದ್ದೆ. ಮನೆಗೆ ಬಂದರೆ ಅಲ್ಲಿಯೂ ಒಬ್ಬನೇ. ಅಪ್ಪಯ್ಯ ಕಾರ್ಖಾನೆಯಿಂದ ಸೀದಾ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಬರುವಾಗ ಕತ್ತಲಾಗುತ್ತಿತ್ತು. ಎಷ್ಟು ದಣಿದಿದ್ದರೂ ಬೆಳಗ್ಗೆ ಹೊಸ್ತಿಲು ಬಿಡುತ್ತಿರಲಿಲ್ಲ. ಅಲ್ಲಿ ಕೂತ ಅಷ್ಟು ಹೊತ್ತು ಮಾತ್ರ ಅವರ ಮುಖದ ಬಿಗಿ ಸಡಿಲವಾಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಒಂದು ದಿನ ಗಿರಿಜಕ್ಕ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಎಂತ ಮಾಡುಕಾತ್ತ್? ಅದ್ರ ಪೂರ್ವಜನ್ಮದ ಕರ್ಮ." ಅಬ್ಬಿ ಪೂರ್ವಜನ್ಮದಲ್ಲಿ ಏನು ತಪ್ಪು ಮಾಡಿರಬಹುದೆಂದು ನಾನು ತುಂಬ ಯೋಚಿಸಿದೆ. ಬೆಕ್ಕಿಗೂ ಗದರದ ಹೆಂಗಸು ಅವಳು.

ಮರುದಿನ ಅಪ್ಪಯ್ಯ ಪೂಜೆ ಮುಗಿಸಿ ಕೆಲಸಕ್ಕೆ ಹೋದರು. ನಾನು ಚೀಲ ಹೆಗಲಿಗೇರಿಸುವಾಗ ತೋಡಿನ ಕಾಲುಸಂಕದ ಮೇಲೆ ಸುರೇಶನೂ ಇನ್ನಿಬ್ಬರೂ ಬರುತ್ತಿರುವುದು ಕಂಡಿತು. ಹೊಸ್ತಿಲ ಮೇಲೆ ಆ ನೆಟ್ಟನೆಯ ಗೆರೆಗಳು, ಸಾಲಾಗಿ ಇಟ್ಟ ಹೂ. ನನಗೆ ಏನಾಯಿತೋ, ಹೂವನ್ನು ಕಾಲಿನಿಂದ ಒರೆಸಿ ಅಂಗಳಕ್ಕೆ ತಳ್ಳಿದೆ. ಅಂಗಾಲಿನಿಂದಲೇ ಶೇಡಿ ಉಜ್ಜಿದೆ. ಅರಸಿನ ಕಾಲಿಗೆ ಅಂಟಿತು. ದಾರಿಯುದ್ದಕ್ಕೂ ಹುಲ್ಲಿಗೆ ಕಾಲು ತಿಕ್ಕುತ್ತಾ ಹೋದೆ.

ಆ ಸಂಜೆ ಅಪ್ಪಯ್ಯ ಬಂದು ಜಗಲಿಯಲ್ಲಿ ಕೂತವರು ಚಪ್ಪಲಿಯನ್ನೂ ಬಿಚ್ಚಲಿಲ್ಲ. "ಅಬ್ಬಿಗೆ ಇವತ್ತ್ ನನ್ನ್ ಗುರ್ತ್ ಸಿಕ್ಲಿಲ್ಲ, ಮಗಾ," ಎಂದರು.

ನಾಲ್ಕನೇ ದಿನ ಅಬ್ಬಿ ಹೋದಳು. ಸೋಣೆ ಮುಗಿಯಲು ಇನ್ನೂ ಒಂಬತ್ತು ದಿನ ಇತ್ತು.

ಸೂತಕದ ಮನೆಯಲ್ಲಿ ದೀಪವಿಲ್ಲ, ಹೂವಿಲ್ಲ. ಬಂದವರೆಲ್ಲ ನನ್ನ ತಲೆ ಸವರಿದರು. ನನಗೆ ಮೈಯೆಲ್ಲ ಮುಳ್ಳು. ಲಕ್ಷ್ಮಿಯನ್ನು ನಾನೇ ತಿರುಗಿಸಿ ಕಳಿಸಿದ್ದು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು, ಗಂಜಿಯೂ ಇಳಿಯುತ್ತಿರಲಿಲ್ಲ. ಸೂತಕ ಕಳೆದು ನೆಂಟರೆಲ್ಲ ಹೋದ ಸಂಜೆ, ಅಪ್ಪಯ್ಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಹೇಳಿಬಿಟ್ಟೆ.

"ಅಪ್ಪಯ್ಯಾ, ನಾನ್ ಹೊಸ್ಲ್ ತುಳ್ದೆ. ಹೂಂಗ್ ಕಾಲಂಗ್ ಒರ್ಸ್ದೆ. ಅದ್ಕೇ ಅಬ್ಬಿ..."

ಹೊಡೆಯುತ್ತಾರೆಂದುಕೊಂಡಿದ್ದೆ. ಅವರು ಬತ್ತಿ ಕೆಳಗಿಟ್ಟು, ನನ್ನ ಬಲಗಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. ಮಣ್ಣು ತುಳಿದು ತುಳಿದು ಬಿರಿದ ತಮ್ಮ ಪಾದದ ಪಕ್ಕ ಅದನ್ನು ಹಿಡಿದು ನೋಡಿದರು.

"ಇಷ್ಟ್ ಸಣ್ಣ್ ಕಾಲಿಗೆ ಹೆದ್ರಿ ಓಡುಕೆ, ಅದೆಂತ ದೇವ್ರಾ, ಕೋಳಿಯಾ?"

ನನಗೆ ಅಳುವಿನ ನಡುವೆ ನಗು ಬಂತು. ಅಪ್ಪಯ್ಯನಿಗೂ.

"ಹಂಗಾರೆ ಕರ್ಮ ಅಂಬ್ರಲ್ಲ?" ಎಂದೆ.

ಅಪ್ಪಯ್ಯ ಕೆಳಗಿಟ್ಟ ಬತ್ತಿಯನ್ನು ಮತ್ತೆ ಎತ್ತಿಕೊಂಡರು. "ಇಲ್ಲ ಅಂದೇಳಿ ನಾನ್ ಹೇಳುದಿಲ್ಲ. ಬಡ್ಸಿದ್ದ್ ಉಣ್ಕ್, ಮಗಾ. ಬಾಳೆಲಿ ಬಿಟ್ಟ್ ಏಳುಕಾತ್ತಿಲ್ಲೆ. ಆದ್ರೆ ಒಬ್ನೇ ಕೂಕಂಡ್ ಉಂಬುದ್ ಬ್ಯಾಡ ಅಂದೇಳಿ ದೇವ್ರ್ ಬದಿಯಂಗೆ ಕೂಕಂತ್ರ್. ನಾನ್ ದಿನಾ ಹೂಂಗ್ ಇಟ್ಟದ್ದ್ ಅದ್ಕೆ. ಅಬ್ಬಿ ಉಳಿತ್ತ್ ಅಂದೇಳಿ ಅಲ್ಲ."

ಮಾರನೆಯ ಬೆಳಗ್ಗೆ ನೀರು ಸುರಿಯುವ ಸದ್ದಿಗೆ ಎಚ್ಚರವಾಯಿತು. ಅಪ್ಪಯ್ಯ ಹೊಸ್ತಿಲು ತೊಳೆಯುತ್ತಿದ್ದರು. ಸೋಣೆ ಮುಗಿದು ಮೂರು ದಿನವಾಗಿತ್ತು. ಊರಿನಲ್ಲಿ ಯಾವ ಹೊಸ್ತಿಲಿಗೂ ಹೂವಿರಲಿಲ್ಲ.

"ಸೋಣಿ ಮುಗೀತಲ್ಲ ಅಪ್ಪಯ್ಯ. ಇನ್ನ್ ಯಾರ್ ಬಪ್ಪುದ್?"

ಅವರು ಗೆರೆ ಎಳೆಯುತ್ತಲೇ ಹೇಳಿದರು: "ನೀನ್ ಶಾಲಿಂದ ಬಪ್ಪುದಿಲ್ಲ್ಯಾ?"

ಸಂಜೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ನಾಲ್ಕು ಹೂವಿತ್ತು. ದಾಟಿ ಒಳಗೆ ಹೋದೆ. ಅವತ್ತು ಗಂಜಿ ಇಳಿಯಿತು.

ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಮೊದಲು ಅಪ್ಪಯ್ಯನ ಜೊತೆ ಕಾರ್ಖಾನೆ, ಅದು ಮುಚ್ಚಿದ ಮೇಲೆ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ಕಲಿತೆ. ಇವತ್ತಿಗೂ ಯಾರೆದುರೂ ಕೈ ಚಾಚಿದವನಲ್ಲ. ನಾನು ಹಾಕಿದ ನೆಲದಲ್ಲಿ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ, ಬೇಕಾದರೆ ಬಂದು ನೋಡಿ. ಕುಂದಾಪುರ, ಬ್ರಹ್ಮಾವರದ ಫ್ಲ್ಯಾಟುಗಳಲ್ಲಿ ಈಗ ಹೊಸ್ತಿಲು ಬೇಡ ಎನ್ನುತ್ತಾರೆ. ಕಾಲು ಎಡವುತ್ತದೆ, ಒರೆಸಲು ಕಷ್ಟ, ಒಳಗಿಂದ ಹೊರಗಿನವರೆಗೆ ಒಂದೇ ಮಟ್ಟ ಮಾಡಿಕೊಡಿ ಎಂದು. ಮಾಡಿಕೊಡುತ್ತೇನೆ. ನನ್ನ ಕೆಲಸ ಅದು. ಸೋಣೆಯಲ್ಲಿ ಆ ಮನೆಯವರು ಹೂ ಎಲ್ಲಿ ಇಡುತ್ತಾರೋ ನಾನು ಕೇಳುವುದಿಲ್ಲ.

ಮದುವೆ ನನಗೆ ಕೂಡಿಬರಲಿಲ್ಲ. ಅಪ್ಪಯ್ಯ ಹೋಗಿ ಎಂಟು ವರ್ಷ. ಗಿರಿಜಕ್ಕನ ಮನೆಗೆ ಬೀಗ. ತೋಡಿನ ಬದಿಯಲ್ಲಿ ಕಾಂಪೌಂಡ್ ಎದ್ದಿದೆ, ಹೂವಿಗೆ ಗುಡ್ಡೆಯವರೆಗೆ ಹೋಗಬೇಕು. ಹೋಗುತ್ತೇನೆ. ಕೆಲಸಕ್ಕೆ ಹೊರಡುವ ಮುಂಚೆ ನನ್ನ ಹೊಸ್ತಿಲು ತೊಳೆದು ಎರಡು ಗೆರೆ ಉದ್ದಕ್ಕೆ, ಎರಡು ಅಡ್ಡಕ್ಕೆ ಎಳೆಯುತ್ತೇನೆ. ಬಳ್ಳಿ ನನಗೂ ಬರುವುದಿಲ್ಲ. ಸಂಜೆ ಸಿಮೆಂಟು ಮೆತ್ತಿದ ಕಾಲಲ್ಲಿ ಬಂದಾಗ ಹೂ ಬಾಡಿರುತ್ತದೆ. ಇಟ್ಟವನೂ ನಾನೇ, ಬರುವವನೂ ನಾನೇ. ಆದರೂ ಕಾಲು ತೊಳೆದುಕೊಂಡೇ ಒಳಗೆ ಹೋಗುತ್ತೇನೆ, ತುಳಿಯದ ಹಾಗೆ, ದಾಟಿ.