ಜೋಗೇಶ್ವರಿ ಅಂಗಡಿ ದೊಡ್ಡದು ಮಾಡಿದ್ದು

ನಾನು ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಮುಂಬಯಿಯ ಬೈಕುಲ್ಲಾದ ಗೋದಾಮಿನಲ್ಲಿ ಕೂತು, ಮೂಟೆಯ ಮೇಲೆ ಒಳ್ಳೆಯ ಅಕ್ಕಿ ಹರಡಿ ಅಡಿಯಲ್ಲಿ ನುಚ್ಚು ತುಂಬಿ ಕಳಿಸುವವರನ್ನು ನೋಡಿ ನೋಡಿ ನನ್ನ ನಾಲಿಗೆ ಒರಟಾಗಿದೆ. ‘ಸೋಮಣ್ಣನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಅವತ್ತು ಮಳೆ ಬರುತ್ತದೆ’ ಎಂದು ಹಮಾಲರು ತಮಾಷೆ ಮಾಡುತ್ತಾರೆ. ಮಾಡಲಿ. ಆದರೆ ವಾರಿಜಕ್ಕನ ಮಾತು ಬಂದಾಗ ಅದೇ ಹಮಾಲರು ಕೆಲಸ ನಿಲ್ಲಿಸಿ ನನ್ನ ಬಾಯಿ ನೋಡುತ್ತಾರೆ. ಆಗ ನಾನು ಬೇರೆ ಮನುಷ್ಯನಾಗುತ್ತೇನಂತೆ.

ನಮ್ಮದು ಪಡುಕೆರೆ ಸ್ಟೋರ್ಸ್. ಊರಿನ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಪ್ಪಳ, ಮಿಡಿ ಉಪ್ಪಿನಕಾಯಿಯಿಂದ ಹಿಡಿದು ಸಾಬೂನು ಬಿಸ್ಕತ್ತಿನವರೆಗೆ ಎಲ್ಲ ಸಿಗುವ ಅಂಗಡಿಗಳು. ಬೈಕುಲ್ಲಾದಲ್ಲಿ ಒಂದೇ ಶಟರಿನಲ್ಲಿ ಹುಟ್ಟಿ, ಜೋಗೇಶ್ವರಿ, ಕಾಂದಿವಲಿ ಅಂತ ಒಂದೊಂದಾಗಿ ಬೆಳೆದವು. ಮಾಲಿಕರು ಧನರಾಜರು. ನಮಗೆಲ್ಲ ಅವರು ಧನಿ.

ಧನಿಯ ತಂದೆಯ ಕಾಲದಿಂದಲೂ ನಮ್ಮಲ್ಲಿ ಒಂದು ಕಟ್ಟುಪಾಡು. ಕೌಂಟರಿನಲ್ಲಿ ನಿಂತು ‘ಇಲ್ಲ’ ಅನ್ನಬಾರದು. ಸಕ್ಕರೆ ಮುಗಿದರೆ ‘ಸಕ್ಕರೆ ಹೆಚ್ಚಿದೆ, ನಾಳೆ ಬನ್ನಿ’ ಅನ್ನಬೇಕು. ಜೋಗೇಶ್ವರಿ ಅಂಗಡಿಯ ಕೌಂಟರ್ ನೋಡಿಕೊಳ್ಳುವ ದೂಜ ಹೊಸತರಲ್ಲಿ ಹೀಗೆಯೇ ಹೇಳಿದಾಗ ಗಿರಾಕಿಯೊಬ್ಬರು ‘ಹೆಚ್ಚಿದ್ದರೆ ರೇಟು ಇಳಿಸಿ’ ಎಂದು ಜಗಳಕ್ಕೇ ನಿಂತಿದ್ದರು. ಸಂಜೆ ದೇವರ ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಅನ್ನುತ್ತೇವಲ್ಲ, ಶಟರ್ ಎಳೆಯುವುದಕ್ಕೂ ನಮ್ಮಲ್ಲಿ ಅದೇ ಮಾತು. ಪಕ್ಕದ ಹಿಂದಿಯವರೂ ‘ದುಕಾನ್ ಬಢಾ ದೋ’, ಅಂಗಡಿ ದೊಡ್ಡದು ಮಾಡಿ, ಅನ್ನುವವರೇ ಆದ್ದರಿಂದ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅಂಗಡಿಗೂ ‘ಮುಚ್ಚು’ ಎಂಬ ಮಾತಿಗೂ ಧನಿಯ ಮನೆತನದಲ್ಲಿ ಎಣ್ಣೆ ಸೀಗೆಕಾಯಿ ಸಂಬಂಧ.

ಈ ಎಲ್ಲ ಅಂಗಡಿಗಳ ಮೇಲಿನ ಮ್ಯಾನೇಜರ್ ವಾರಿಜಕ್ಕ. ಕಟಪಾಡಿಯಿಂದ ಚಿಕ್ಕಮ್ಮನ ಬೆನ್ನಿಗೆ ಮುಂಬಯಿಗೆ ಬಂದವರು. ಹಗಲು ನಮ್ಮ ಗೋದಾಮಿನಲ್ಲಿ ಹಪ್ಪಳ ಕಟ್ಟುತ್ತ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದರು, ಆಮೇಲೆ ಬಿ.ಕಾಂ. ಕೂಡ ಮುಗಿಸಿದರು. ಕಾಂದಿವಲಿಯ ಅಂಗಡಿಯನ್ನು ಮೊದಲ ಇಟ್ಟಿಗೆಯಿಂದ ಎಬ್ಬಿಸಿದವರು ಅವರೇ. ಅದರ ಎದುರಿನ ಬಿಲ್ಡಿಂಗಿನಲ್ಲೇ ಮನೆ ಮಾಡಿದರು. ಅಡುಗೆಮನೆಯ ಕಿಟಕಿಯಿಂದ ಅಂಗಡಿಯ ಬೋರ್ಡು ಕಾಣುತ್ತದೆ ಎಂದು ಹೇಳುವಾಗ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದ ತಾಯಿಯ ಮುಖ ಅವರದು.

ಅವರದೊಂದು ಅಭ್ಯಾಸವಿತ್ತು. ಯಾವ ಅಂಗಡಿಗೆ ಹೋದರೂ ಮೊದಲು ಒಳಗೆ ಹೋಗುವುದಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಅರ್ಧ ಲೋಟದ ಕಟಿಂಗ್ ಚಹಾ ಹಿಡಿದು ನಿಲ್ಲುತ್ತಾರೆ. ‘ಎಂತ ನೋಡ್ತೀರಿ ಅಕ್ಕ?’ ಎಂದರೆ, ‘ಒಳಗೆ ಬರುವವರನ್ನು ದೂಜ ನೋಡ್ತಾನೆ ಸೋಮಣ್ಣ. ಬಾರದವರನ್ನು ನೋಡ್ಲಿಕ್ಕೆ ಯಾರಾದ್ರೂ ಬೇಕಲ್ಲ’ ಎನ್ನುವರು. ಇದೊಂದು ಶೋಕಿ ಎಂದುಕೊಂಡಿದ್ದೆ.

ಫೋನ್ ಒತ್ತಿದರೆ ಸಾಮಾನು ಬಾಗಿಲಿಗೆ ಬರುವ ಕಾಲ ಬಂತು. ಹಾಲು ಒಲೆಯ ಮೇಲಿಟ್ಟು ಸಕ್ಕರೆಗೆ ಆರ್ಡರ್ ಕೊಟ್ಟರೆ ಹಾಲು ಉಕ್ಕುವುದರೊಳಗೆ ಸಕ್ಕರೆ ಹಾಜರ್. ನಮ್ಮ ಅಂಗಡಿಗಳೆಲ್ಲ ಸೊರಗಿದವು. ಜೋಗೇಶ್ವರಿಯದ್ದಂತೂ ನೆಲಕಚ್ಚಿತು. ಅದರ ಸುತ್ತಲಿನ ಹಳೆಯ ಬಿಲ್ಡಿಂಗುಗಳನ್ನು ಕೆಡವಿ ಟವರ್ ಎಬ್ಬಿಸುತ್ತಿದ್ದರು. ಅಲ್ಲಿದ್ದ ನಮ್ಮ ಗಿರಾಕಿಗಳೆಲ್ಲ ಬಾಡಿಗೆ ಮನೆ ಹುಡುಕಿಕೊಂಡು ದಿಕ್ಕಾಪಾಲಾಗಿ ಹೋದರು. ದೂಜ ಗಾಜಿನ ಬಾಗಿಲು ಒರೆಸುತ್ತ ಹೊತ್ತು ಕಳೆಯುತ್ತಿದ್ದ.

ಬೈಕುಲ್ಲಾ ಗೋದಾಮಿನ ಮಾಳಿಗೆಯಲ್ಲಿ ಮೀಟಿಂಗ್ ನಡೆಯಿತು. ಧನಿಯ ಅಣ್ಣನ ಮಗ ಹಿತೇಶ್ ಗೋಡೆಯ ಮೇಲೆ ಗೆರೆಗಳನ್ನು ಬಿಡಿಸಿ ತೋರಿಸಿದ. ಹುಡುಗ ಮ್ಯಾನೇಜ್‌ಮೆಂಟ್ ಓದಿದವನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ಒಂದು ಅಂಗಡಿಯನ್ನು ಬಿಡದಿದ್ದರೆ ಉಳಿದವೂ ಅದರ ಹಿಂದೆಯೇ ಹೋಗುತ್ತವೆ ಎಂದ. ಜೋಗೇಶ್ವರಿಯ ಗೆರೆ ಕೆಂಪಗೆ ಕೆಳಗೆ ಬಿದ್ದಿತ್ತು. ಎಲ್ಲರೂ ಧನಿಯ ಮುಖ ನೋಡಿದೆವು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು.

‘ವಾರಿಜಾ, ಜೋಗೇಶ್ವರಿಯದ್ದು... ಇನ್ನು ದೊಡ್ಡದು ಮಾಡಿಬಿಡುವ’ ಎಂದರು.

ಅರ್ಥ ಆಗದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ದೂಜ ಮತ್ತು ಅವನ ಜೊತೆಯವರ ಅನ್ನ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ವಾರಿಜಕ್ಕ ಮಾತ್ರ ಕಿವಿ ಕೇಳದವರ ಹಾಗೆ ಮುಂದೆ ಬಗ್ಗಿದರು.

‘ದೊಡ್ಡದು ಮಾಡುದಾ ಧನಿ?’

‘ಹ್ಞೂಂ.’

‘ನಾನೇ ಮಾಡ್ಬೇಕಾ?’

‘ನೀನಲ್ಲದೆ ಮತ್ಯಾರು?’

‘ಆಯ್ತು’ ಎಂದು ಅವರು ಬ್ಯಾಗ್ ಹೆಗಲಿಗೇರಿಸಿ ಸ್ಟೇಷನ್ನಿಗೆ ಹೊರಟರು.

ಒಂದಷ್ಟು ದಿನ ಕಳೆದ ಮೇಲೆ ಕಪಾಟುಗಳನ್ನೂ ಉಳಿದ ಮಾಲನ್ನೂ ತರಲು ನಾನು ಟೆಂಪೋ ತೆಗೆದುಕೊಂಡು ಜೋಗೇಶ್ವರಿಗೆ ಹೋದೆ. ಹೋಗಿ ನೋಡಿದರೆ ಗಾಜಿನ ಬಾಗಿಲೇ ಇಲ್ಲ. ಒಳಗೆ ಧಡಧಡ ಸದ್ದು. ನಮ್ಮ ಅಂಗಡಿಗೂ ಪಕ್ಕದ ಖಾಲಿ ಶಟರಿಗೂ ನಡುವಿನ ಗೋಡೆಯನ್ನು ಇಬ್ಬರು ಒಡೆಯುತ್ತಿದ್ದಾರೆ. ದೂಜ ತಲೆಗೆ ಟವೆಲ್ ಸುತ್ತಿಕೊಂಡು ಇಟ್ಟಿಗೆ ಹೊರುತ್ತಿದ್ದಾನೆ. ವಾರಿಜಕ್ಕ ಎದುರಿನ ಫುಟ್‌ಪಾತಿನಲ್ಲಿ ಚಹಾ ಹಿಡಿದು ನಿಂತಿದ್ದಾರೆ.

‘ಇದೆಂತದು ಅಕ್ಕ?’

‘ಧನಿ ಹೇಳಿದ್ರಲ್ಲ, ದೊಡ್ಡದು ಮಾಡ್ಲಿಕ್ಕೆ’ ಎಂದು ಅವರು ಚಹಾ ಮುಗಿಸಿದರು.

ನನಗೆ ನಗು ಬರಬೇಕೋ ಜ್ವರ ಬರಬೇಕೋ ತಿಳಿಯಲಿಲ್ಲ. ಈ ಹೆಂಗಸಿನ ಎದೆ ಎಷ್ಟು ಗಟ್ಟಿ ಎಂದು ಸುಮ್ಮನೆ ನೋಡುತ್ತ ನಿಂತೆ. ಅವರೇ ಒಂದೊಂದಾಗಿ ಹೇಳಿದರು. ಎರಡೂ ಶಟರಿಗೆ ಒಬ್ಬನೇ ಮಾಲಿಕ. ನಾವೂ ಬಿಟ್ಟು ಹೋದರೆ ಎರಡೂ ಖಾಲಿ ಬೀಳುತ್ತವೆ, ಧೂಳಿನ ನಡುವೆ ಹೊಸ ಬಾಡಿಗೆದಾರರು ಸಿಗುವುದಿಲ್ಲ. ಆದ್ದರಿಂದ ದೀಪಾವಳಿಯ ತನಕ ಎರಡನೆಯದಕ್ಕೆ ಬಾಡಿಗೆ ಬೇಡ ಎಂದು ಅವನೇ ಒಪ್ಪಿದ್ದ. ಧನಿಯ ಗಲ್ಲಾಪೆಟ್ಟಿಗೆಗೆ ಅವರು ಕೈ ಹಾಕಿರಲಿಲ್ಲ.

‘ಶಟರ್ ಸಿಕ್ಕಿತು. ಗಿರಾಕಿ ಎಲ್ಲುಂಟು?’ ಎಂದೆ.

ಅವರು ಅರ್ಧ ಎದ್ದ ಟವರುಗಳ ಕಡೆ ಗಲ್ಲ ಎತ್ತಿದರು. ಅಲ್ಲಿ ಗಾರೆ ಹೊರುವವರು, ಕಬ್ಬಿಣ ಕಟ್ಟುವವರು ಎಲ್ಲ ಕಲಬುರಗಿ, ವಿಜಯಪುರದ ಕಡೆಯವರು. ಸಂಜೆ ನಮ್ಮ ಅಂಗಡಿಯ ಎದುರೇ ಹಾದು ಹೋಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ವಾರಿಜಕ್ಕ ಫುಟ್‌ಪಾತಿನಿಂದ ಅದನ್ನು ನೋಡಿದ್ದರು. ನೋಡಿ ಸುಮ್ಮನಿರಲಿಲ್ಲ, ಭಾಗವ್ವ ಎಂಬಾಕೆಯನ್ನು ನಿಲ್ಲಿಸಿ ಕೇಳಿದ್ದರು.

ಆ ಭಾಗವ್ವ ಅಷ್ಟರಲ್ಲಿ ತಲೆಯ ಮೇಲಿನ ಬುಟ್ಟಿ ಇಳಿಸಿ ನಮ್ಮ ಪಕ್ಕದಲ್ಲೇ ನಿಂತಳು. ಅಂಗಡಿಯ ಒಳಗೆ ಯಾಕೆ ಬರುತ್ತಿರಲಿಲ್ಲ ಎಂದು ನಾನೂ ಕೇಳಿದೆ.

‘ಗಾಜಿನ ಬಾಗ್ಲಾ ಇತ್ತಲ್ರೀ ಅಣ್ಣಾರ. ಸಿಮಿಟಿ ಕಾಲಾಗ ಒಳಗ ಹೆಂಗ ಬರೂದು?’ ಎಂದಳು. ‘ಬಂದ್ರೂ ಏನೈತಿ? ಪಾಕೀಟಿನ ಜ್ವಾಳದ ಹಿಟ್ಟು ಯಾವ ಕಾಲದ್ದೋ ಏನೋ. ಜಿಗಿ ಇರಂಗಿಲ್ಲ, ತಟ್ಟಿದ್ರ ರೊಟ್ಟಿ ಒಡೀತಾವ. ಕಣ್ಣ ಮುಂದ ಬೀಸಿ ಕೊಟ್ರ ನಮ್ಮ ಮಂದಿ ಎಲ್ಲಾ ಬರ್ತಾರ್ರಿ.’

ನಮ್ಮ ಗಿರಾಕಿಗಳನ್ನು ಓಡಿಸಿದ ಕಟ್ಟಡಗಳೇ ಹೊಸ ಗಿರಾಕಿಗಳನ್ನು ತಂದು ಬಾಗಿಲಿಗೆ ನಿಲ್ಲಿಸಿದ್ದವು. ಅದು ನಮಗಾರಿಗೂ ಕಂಡಿರಲಿಲ್ಲ. ನಾನು ಟೆಂಪೋವನ್ನು ಖಾಲಿಯೇ ಹಿಂದೆ ಕಳಿಸಿದೆ. ಮರುದಿನ ಲಾರಿಯವನಿಗೆ ಹೇಳಿ ಬಿಳಿಜೋಳದ ಮೂಟೆ ಇಳಿಸಿಕೊಂಡೆ. ಧನಿಗೆ ಹೇಳಬೇಡ ಎಂದು ವಾರಿಜಕ್ಕ ನನಗೆ ಹೇಳಲಿಲ್ಲ, ನಾನಾಗಿ ಧನಿಗೆ ಹೇಳಲೂ ಇಲ್ಲ. ಹಿಟ್ಟಿನ ಚಕ್ಕಿ ಶುರುವಾಗಿ ಸಾಲು ಕಟ್ಟುವುದು ರೂಢಿಯಾದ ಮೇಲೆ ಅವರೇ ಫೋನ್ ಮಾಡಿದರು. ‘ಧನಿ, ದೊಡ್ಡದು ಮಾಡಿ ಆಯ್ತು. ಬಂದು ನೋಡಿ.’

ಪಾಪ, ಧನಿ ದೇವರ ಪಟವನ್ನೂ ದೀಪವನ್ನೂ ಮನೆಗೆ ಒಯ್ಯೋಣವೆಂದು ಮಡಿಬಟ್ಟೆ ಹಿಡಿದುಕೊಂಡು ಬಂದರು. ಜೊತೆಗೆ ಹಿತೇಶ್. ಕಾರಿನಿಂದ ಇಳಿದವರು ಇಳಿದಲ್ಲೇ ನಿಂತರು. ಚಕ್ಕಿ ಗರಗರ ತಿರುಗುತ್ತಿತ್ತು. ಬಿಸಿ ಹಿಟ್ಟಿನ ವಾಸನೆ ರಸ್ತೆಗೆಲ್ಲ ಹರಡಿತ್ತು. ಚೀಲ ಹಿಡಿದ ಹೆಂಗಸರ ಸಾಲು ಎರಡನೆಯ ಶಟರನ್ನೂ ದಾಟಿ ಹೋಗಿತ್ತು. ಹಿಟ್ಟಿಗೆ ಬಂದವರು ಎಣ್ಣೆ, ಬೆಲ್ಲ, ಸಾಬೂನು ಎಂದು ಕೇಳುತ್ತಿದ್ದರು. ದೂಜನಿಗೆ ನಮ್ಮ ಕಡೆ ತಿರುಗಲೂ ಪುರುಸೊತ್ತಿಲ್ಲ.

ಹಿತೇಶನ ಮುಖ ಕೆಂಪಾಯಿತು. ‘ವಾರಿಜಾ ಆಂಟಿ, ಯೇ ಕ್ಯಾ ಹೈ? ಅಂಕಲ್ ಸಾಫ್ ಹೇಳಿದ್ರು, ದುಕಾನ್ ಬಂದ್...’

‘ಹಿತೇಶ್’ ಎಂದು ಧನಿ ತಡೆದರು. ‘ದೀಪ ಉರೀತಾ ಉಂಟು.’

ವಾರಿಜಕ್ಕ ಕೌಂಟರಿನಿಂದ ಹೊರಗೆ ಬಂದರು. ಕೈಯೆಲ್ಲ ಹಿಟ್ಟು. ‘ಧನಿ, ನನಗೆ ಅರ್ಥ ಆಗಿರ್ಲಿಲ್ಲ ಅಂತ ಸುಳ್ಳು ಹೇಳುದಿಲ್ಲ. ಅರ್ಥ ಆಗಿತ್ತು. ಆದ್ರೆ ನಿಮ್ಮ ಬಾಯಿಗೆ ಬಾರದ ಮಾತನ್ನು ನನ್ನ ಕೈಯಲ್ಲಿ ಯಾಕೆ ಮಾಡಿಸ್ತೀರಿ? ದೂಜ ಇಲ್ಲೇ ಇದ್ದಾನೆ. ಇವರೆಲ್ಲ ಇದ್ದಾರೆ. ಎಲ್ಲರ ಎದುರು ಆ ಮಾತು ಹೇಳಿ. ಈಗ್ಲೇ ಶಟರ್ ಎಳೀತೇನೆ, ನನ್ನ ಕೆಲಸದ ಬೀಗದಕೈಯನ್ನೂ ನಿಮ್ಮ ಕೈಗೆ ಕೊಡ್ತೇನೆ.’

ಧ್ವನಿ ಒಂದಿಷ್ಟೂ ಏರಿರಲಿಲ್ಲ. ದೊಡ್ಡವರು ಕಹಿ ಮಾತಿಗೆ ಬೆಲ್ಲ ಸವರಿ ಕೆಳಗಿನವರ ಕೈಗೆ ಕೊಟ್ಟು ಕಳಿಸುವುದನ್ನು ನಾನು ಜೀವಮಾನವಿಡೀ ನೋಡಿದ್ದೆ. ಅದನ್ನು ಹಿಂದಕ್ಕೆ ಕೊಟ್ಟವರನ್ನು ನೋಡಿದ್ದು ಅವತ್ತೇ. ಧನಿ ಬಾಯಿ ತೆರೆದರು. ದೂಜನನ್ನು ನೋಡಿದರು, ದೀಪವನ್ನು ನೋಡಿದರು. ಮಡಿಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹಿತೇಶ್ ಮೆಲ್ಲಗೆ, ‘ಆದ್ರೆ ಆಂಟಿ, ಒಂದು ಹೋಗ್ಲೇಬೇಕು. ಹಿಸಾಬ್ ತೋ ವಹೀ ಹೈ, ಲೆಕ್ಕ ಬದಲಾಗ್ಲಿಲ್ಲ’ ಎಂದ.

‘ಗೊತ್ತುಂಟು ಮಗಾ. ಕಾಂದಿವಲಿ ಮುಚ್ಚುವ.’

ಧನಿ ಎರಡೂ ಕಿವಿಗೆ ಕೈ ಇಟ್ಟರು. ನಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಅವರ ಕಾಂದಿವಲಿ. ಅಡುಗೆಮನೆಯ ಕಿಟಕಿಯ ಕಾಂದಿವಲಿ.

‘ಜೋಗೇಶ್ವರಿ ಬೀಳುವಷ್ಟು ಬಿದ್ದಾಗಿದೆ. ಕಾಂದಿವಲಿ ಈಗ ಬೀಳ್ಲಿಕ್ಕೆ ಶುರು. ಅಲ್ಲಿಯವರೆಲ್ಲ ಫೋನಿನವರು, ತಿರುಗಿ ಬರುದಿಲ್ಲ. ಕೈಯಲ್ಲಿ ಸ್ವಲ್ಪ ಜೀವ ಇರುವಾಗಲೇ ಬಿಟ್ರೆ ಅಲ್ಲಿಯ ಜನರನ್ನು ಇಲ್ಲಿಗೆ ತರ್ಬಹುದು. ಜಾಗ ಮಾಡಿಟ್ಟಿದ್ದೇನೆ’ ಎಂದು ಅವರು ಎರಡನೆಯ ಶಟರಿನ ಒಳಗನ್ನು ತೋರಿಸಿದರು.

ಅಂಗಡಿ ಎಷ್ಟು ದೊಡ್ಡದಾಗಬೇಕೆಂದು ಗೋಡೆ ಒಡೆಯುವ ಮೊದಲೇ ಅವರು ಅಳೆದಿದ್ದರು. ಹಿತೇಶ್ ತಲೆ ತಗ್ಗಿಸಿ, ‘ಗ್ರಾಫಲ್ಲಿ ನಂಗೂ ಕಂಡಿತ್ತು ಆಂಟಿ. ನಿಮ್ಮ ದುಕಾನ್ ಅಂತ ಹೇಳ್ಲಿಲ್ಲ’ ಎಂದ. ಅವರು ಹಿಟ್ಟಿನ ಕೈಯಲ್ಲೇ ಅವನ ಬೆನ್ನು ತಟ್ಟಿದರು. ಅವನ ಕಪ್ಪು ಶರ್ಟಿನ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದವು.

ಕಾಂದಿವಲಿಯ ಕೊನೆಯ ದಿನ ನಾನೂ ಹೋಗಿದ್ದೆ, ಧನಿಯೂ ಬಂದಿದ್ದರು. ಬೆಳಗಿನ ಹೊತ್ತು. ವಾರಿಜಕ್ಕ ಎಲ್ಲರನ್ನೂ ಸಾಲಾಗಿ ಕೂರಿಸಿದರು. ‘ಇವತ್ತಿಗೆ ಈ ಅಂಗಡಿ ಮುಚ್ಚುತ್ತೇವೆ. ಮುಚ್ಚುವುದೆಂದು ತೀರ್ಮಾನ ಮಾಡಿದ್ದು ನಾನು, ಧನಿಯಲ್ಲ. ಬೈಯುವುದಾದ್ರೆ ನನ್ನನ್ನು ಬೈಯಿರಿ. ನಾಳೆಯಿಂದ ನಿಮ್ಮ ಕೆಲಸ ಜೋಗೇಶ್ವರಿಯಲ್ಲಿ’ ಎಂದರು. ಆ ಮನೆತನದ ಅಂಗಡಿಯೊಳಗೆ ನಿಂತು ಆ ಮಾತನ್ನು ಅಷ್ಟು ನೇರವಾಗಿ ಆಡಿದವರು ಅವರೊಬ್ಬರೇ ಇರಬೇಕು. ಯಾರೂ ಬೈಯಲಿಲ್ಲ. ಕ್ಯಾಶಿನ ಹುಡುಗಿ ಯಕ್ಷಿತಾ ಎದ್ದು ಬಂದು ಅವರ ಕೈ ಹಿಡಿದುಕೊಂಡಳು.

ಕಪಾಟುಗಳು ಹೊರಗೆ ಹೋದವು. ಬೋರ್ಡು ಇಳಿಯಿತು. ಅಷ್ಟೂ ಹೊತ್ತು ಅವರು ಹಗ್ಗ ಹಿಡಿಯಿರಿ, ಮೆಲ್ಲಗೆ ಇಳಿಸಿರಿ ಎನ್ನುತ್ತ ಓಡಾಡಿದರು. ಉಳಿದದ್ದು ದೇವರ ಪಟದ ಮುಂದಿನ ದೀಪ ಒಂದೇ. ಅದರ ಎದುರು ನಿಂತವರು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು. ಮತ್ತೊಮ್ಮೆ ಚಾಚಿದರು.

‘ಧನಿ’ ಎಂದರು, ತಿರುಗದೆಯೇ. ‘ಇದೊಂದನ್ನು ನೀವು ಹೇಳಿ. ನನ್ನಿಂದ ಆಗುದಿಲ್ಲ.’

ಧನಿ ಹತ್ತಿರ ಹೋಗಿ ಅವರ ಪಕ್ಕದಲ್ಲಿ ನಿಂತರು. ಪಟದ ಮೇಲಿನ ಒಂದು ಹೂವನ್ನು ತೆಗೆದು ಅವರ ಕೈಗಿತ್ತರು.

‘ದೊಡ್ಡದು ಮಾಡು ವಾರಿಜಾ’ ಎಂದರು.

ಅವರು ಹೂವಿನಿಂದ ಬತ್ತಿಯನ್ನು ಎಣ್ಣೆಗೆ ತಳ್ಳಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಜೋಗೇಶ್ವರಿಗೆ ಲೋಕಲ್ ರೈಲು ಎಷ್ಟು ಹೊತ್ತಿಗೆ ಉಂಟು ಎಂದು ಯಕ್ಷಿತಾಳನ್ನು ಕೇಳಿದರು.