ಜ್ವರದಮ್ಮನೂ ಅಕ್ಕನ ಊಟದ ಡಬ್ಬಿಯೂ

ಜ್ವರದಮ್ಮ ಅಂದರೆ ಆ ಬೀದಿಗಳಲ್ಲಿ ಗೊತ್ತಿಲ್ಲದವರಿಲ್ಲ. ಎಲ್ಲಾದರೂ ಜ್ವರ, ವಾಂತಿ, ಕಾಮಾಲೆ ಎದ್ದಿತೆಂದರೆ ಮನೆಮನೆಗೆ ಹೋಗಿ, ಏನು ತಿಂದಿರಿ, ಎಲ್ಲಿ ಕುಡಿದಿರಿ, ಯಾರ ಜೊತೆ ಇದ್ದಿರಿ ಎಂದು ಕೇಳಿ ರೋಗದ ಮೂಲ ಹುಡುಕುವುದೇ ಆರೋಗ್ಯ ಕಚೇರಿಯಲ್ಲಿ ಅವಳಿಗೆ ಕೊಟ್ಟ ಕೆಲಸ. ಹೇಳೋಕೇನು, ಸುಲಭ. ಮಾಡಿ ನೋಡಿ, ಗೊತ್ತಾಗುತ್ತೆ! ಮೊನ್ನೆ ಏನು ತಿಂದಿರಿ ಅಂದರೆ ಮನುಷ್ಯ ಸೂರು ನೋಡುತ್ತಾನೆ. ಪಕ್ಕದಲ್ಲಿ ಹೆಂಡತಿ ನಿಂತಿದ್ದರಂತೂ ಮುಗಿದೇ ಹೋಯಿತು, ಹುಟ್ಟಿದಾಗಿನಿಂದ ಹೋಟೆಲ್ ಮೆಟ್ಟಿಲು ಹತ್ತಿಲ್ಲ ಅಂತ ಆಣೆ ಹಾಕುತ್ತಾನೆ. ಇಂಥವರನ್ನು ವರ್ಷಗಟ್ಟಲೆ ಕೇಳಿ ಕೇಳಿ ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

ಈ ಸಲ ಟೈಫಾಯ್ಡು. ಮಾರುಕಟ್ಟೆ ಹಿಂದಿನ ಬೀದಿಗಳಲ್ಲಿ ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿಯುತ್ತಿದ್ದರು. ನಲ್ಲಿ ನೀರು ಪರೀಕ್ಷೆ ಮಾಡಿಸಿದಳು, ಸರಿಯಿತ್ತು. ಜ್ಯೂಸ್ ಗಾಡಿಯವನ ಐಸೂ ಸರಿಯಿತ್ತು, ಅವನು ಬೈದ ಬೈಗುಳ ಮಾತ್ರ ಇನ್ನೂ ಕಿವಿಯಲ್ಲಿತ್ತು. "ಏನಮ್ಮಾ, ಮೂಲ ಸಿಕ್ತಾ?" ಎಂದು ಕಚೇರಿಯ ಡಾಕ್ಟರು ದಿನಾ ಬೆಳಿಗ್ಗೆ ಕೇಳೋರು, ಇವಳೇ ಅದನ್ನು ಕೈಚೀಲದಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಾಳೇನೋ ಅನ್ನೋ ಹಾಗೆ.

ಮಧ್ಯಾಹ್ನ ಅಕ್ಕನ ಡಬ್ಬಿ ಬಿಚ್ಚಿದಾಗಲೇ ಜೀವಕ್ಕೊಂದಿಷ್ಟು ಸಮಾಧಾನ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಈಗ ತನ್ನ ಅಡುಗೆಮನೆಯಿಂದಲೇ ಸುತ್ತಲಿನ ಅಂಗಡಿ, ಕಚೇರಿಗಳಿಗೆ ಊಟದ ಡಬ್ಬಿ ಕಳಿಸುತ್ತಾಳೆ. ತಂಗಿಯ ಡಬ್ಬಿಯಲ್ಲಿ ಹೆಚ್ಚಿದ ಹಸಿ ತರಕಾರಿ ಒಂದು ಹಿಡಿ ಜಾಸ್ತಿಯೇ ಇರುತ್ತದೆ.

ಆವತ್ತು ಜ್ವರದಮ್ಮ ಆಸ್ಪತ್ರೆಯಲ್ಲಿ, ಜ್ವರ ಹಿಡಿದು ಮಲಗಿದ್ದ ದರ್ಜಿಯವನ ಮಂಚದ ಪಕ್ಕ ಕೂತಿದ್ದಳು. ಅವನಿಗೂ ಇವಳನ್ನು ನೋಡಿ ನೋಡಿ ಸಾಕಾಗಿತ್ತು.

"ಹೊರಗೆ ಎಲ್ಲೂ ತಿಂದಿಲ್ಲ ಅಂತ ಎಷ್ಟು ಸಲ ಹೇಳ್ಬೇಕಮ್ಮ? ಮೂರು ಹೊತ್ತೂ ಮನೆ ಊಟ."

"ಮನೇಲಿ ನೀವೊಬ್ರೇ ಅಲ್ವಾ ಇರೋದು? ಅಡುಗೆ ಯಾರು ಮಾಡ್ತಾರೆ?"

"ಒಳ್ಳೆ ಕೇಳಿದ್ರಿ. ನಿಮ್ಮ ಅಕ್ಕ!"

ಜ್ವರದಮ್ಮ ಬರೆದುಕೊಂಡದ್ದನ್ನೆಲ್ಲ ಮತ್ತೆ ತಿರುವಿ ನೋಡಿದಳು. ಹೋಟೆಲು, ಗಾಡಿ, ಮದುವೆ ಊಟ, ಎಲ್ಲಾ ಕೇಳಿದ್ದಳು. ಡಬ್ಬಿಯ ವಿಷಯ ಒಬ್ಬರನ್ನೂ ಕೇಳಿರಲಿಲ್ಲ. ಅಕ್ಕನ ಡಬ್ಬಿ ಅಂದರೆ ಎಲ್ಲರ ಬಾಯಲ್ಲೂ ಮನೆ ಊಟವೇ, ಇವಳ ಬಾಯಲ್ಲೂ. ಕೆಲಸದ ಸಲುವಾಗಿ ಟೈಫಾಯ್ಡಿನ ಲಸಿಕೆ ಚುಚ್ಚಿಸಿಕೊಂಡಿದ್ದಕ್ಕೋ ಏನೋ, ಇವಳಿಗೆ ಮಾತ್ರ ಏನೂ ಆಗಿರಲಿಲ್ಲ. ಥೂ ನನ್ನ ಬುದ್ಧಿಗಿಷ್ಟು, ಎಂದು ತನ್ನನ್ನೇ ಬೈದುಕೊಳ್ಳುತ್ತಾ ಮಂಚದಿಂದ ಮಂಚಕ್ಕೆ ಹೋಗಿ ಮತ್ತೆ ಕೇಳಿದಳು. ಹೆಚ್ಚುಕಮ್ಮಿ ಎಲ್ಲರೂ ಅಕ್ಕನ ಡಬ್ಬಿಯವರೇ.

ಬೇರೆ ಯಾರದ್ದಾದರೂ ಅಕ್ಕ ಆಗಿದ್ದರೆ ಆಟೋ ಹಿಡಿದು ಓಡಿರುತ್ತಿದ್ದಳು. ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಳು. ಒಲೆ ಆರಿಸು ಅಂತ ಅವಳಿಗೆ ಯಾವ ಬಾಯಲ್ಲಿ ಹೇಳೋದು? ಅಷ್ಟರಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವನ ಮಗಳನ್ನು, ಅಪ್ಪನ ಡಬ್ಬಿಯಲ್ಲೇ ಕೈ ಹಾಕಿ ತಿನ್ನುತ್ತಿದ್ದ ಕೂಸನ್ನು, ಟೈಫಾಯ್ಡಿಗೆ ಕರುಳು ತೂತಾಗಿದೆಯೆಂದು ಆಪರೇಷನ್‌ಗೆ ತಳ್ಳಿಕೊಂಡು ಹೋದರು. ಜ್ವರದಮ್ಮ ಎದ್ದು ಅಕ್ಕನ ಮನೆಗೆ ಹೋದಳು.

ನಿನ್ನ ಡಬ್ಬಿಯಿಂದಲೇ ಜ್ವರ ಹರಡುತ್ತಿರಬಹುದು ಅಂದರೆ ಅಕ್ಕ ಕೇಳುವ ಹೆಂಗಸಲ್ಲ. "ನನ್ನ ಅಡುಗೆಮನೆಗೆ ನೊಣ ಕೂಡ ಚಪ್ಪಲಿ ಬಿಟ್ಟು ಬರುತ್ತೆ ಕಣೇ! ನನ್ನ ಪಾತ್ರೆಯಲ್ಲಿ ಮುಖ ನೋಡ್ಕೋ!"

"ಪಾತ್ರೆ ಅಲ್ಲ ಅಕ್ಕ. ಈ ಡಬ್ಬಿ ತಗೋ. ಬೆಳಿಗ್ಗೆ ಇದರಲ್ಲಿ..." ಎಂದು ಪ್ಲಾಸ್ಟಿಕ್ ಡಬ್ಬಿ ಮುಂದಿಟ್ಟು, ಅದರಲ್ಲಿ ಏನು ಬೇಕೆಂದು ಹೇಳಿದಳು.

"ಥೂ! ನಾಚಿಕೆ ಆಗಲ್ವಾ ನಿನಗೆ? ನಿನ್ನ ಕುಂಡೆ ತೊಳೆದೋಳನ್ನ ಇದನ್ನ ಕೇಳ್ತೀಯಲ್ಲೇ!"

ಕೂಗಾಡಿದರು, ಅತ್ತರು, ಮತ್ತೆ ಕೂಗಾಡಿದರು. ಕೊನೆಗೆ ಆ ಮಗುವಿನ ಸುದ್ದಿ ಹೇಳಿದ ಮೇಲೆ ಅಕ್ಕ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಮಲ ಪರೀಕ್ಷೆಯಲ್ಲಿ ರೋಗಾಣು ಸಿಕ್ಕಿತು. ಸಿಕ್ಕಿತು ಅಂತ ಡಾಕ್ಟರು ಇವಳ ಬೆನ್ನು ತಟ್ಟಿದರು, ಇವಳಿಗೆ ಅವರ ಕೈ ಕಿತ್ತುಹಾಕೋಣ ಅನ್ನಿಸಿತು.

ಅಕ್ಕ ಆಗಲೇ ಒಲೆ ಆರಿಸಿ, ನೆಲ ಒರೆಸಿ, ಕೂತಿದ್ದಳು. ಮಗು ಬದುಕಿಕೊಂಡಿತು ಎಂದು ಮೊದಲು ಹೇಳಿ, ಆಮೇಲೆ ಜ್ವರದಮ್ಮ ಉಳಿದದ್ದನ್ನು ಬಿಡಿಸಿ ಹೇಳಿದಳು. ಕೆಲವರಿಗೆ ಜ್ವರ ಬಂದು ಹೋದರೂ ರೋಗಾಣು ಒಳಗೇ ಉಳಿದುಬಿಡುತ್ತೆ, ಅವರಿಗೇನೂ ಆಗಲ್ಲ, ಕೈಯಿಂದ ಹಸಿ ತರಕಾರಿಗೆ, ಅಲ್ಲಿಂದ ಬೇರೆಯವರಿಗೆ ಹೋಗುತ್ತೆ, ಔಷಧಿ ಇದೆ, ವಾಸಿಯಾಗುವ ತನಕ ಅಡುಗೆ ಬೇಡ.

"ಯಾವತ್ತಾದ್ರೂ ಜ್ವರ ಬಂದಿತ್ತಾ ಅಕ್ಕ?"

"ನಿಮ್ಮ ಭಾವ ಮಲಗಿದ್ದಾಗ ನನಗೂ ಸ್ವಲ್ಪ ಮೈ ಬಿಸಿಯಿತ್ತು. ಅವರನ್ನ ನೋಡೋದೋ, ನನ್ನ ನೋಡ್ಕೊಳ್ಳೋದೋ?"

ಭಾವ ತೀರಿಹೋಗಿದ್ದು ಜ್ವರದಲ್ಲೇ, ಎಷ್ಟೋ ವರ್ಷಗಳ ಹಿಂದೆ. ಯಾವ ಜ್ವರ ಅಂತ ಆಗ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಕೊನೇವರೆಗೂ ಗಂಜಿ ಕುಡಿಸಿದವಳು ಅಕ್ಕ.

ಅಕ್ಕ ಅಂಗೈ ನೋಡಿಕೊಂಡಳು. "ಅವರಿಂದ ನನಗೆ ಬಂತಾ, ನನ್ನಿಂದ ಅವರಿಗೆ ಬಂತಾ?"

"ಅಕ್ಕ..."

"ಕೇಳಿದ್ದಕ್ಕೆ ಹೇಳು."

"ಗೊತ್ತಾಗಲ್ಲ ಅಕ್ಕ. ಈಗ ಯಾರಿಗೂ ಗೊತ್ತಾಗಲ್ಲ."

"ಊರವರ ಮನೇದೆಲ್ಲ ಕೆದಕಿ ಕೆದಕಿ ಹೇಳ್ತೀಯ, ನಂದು ಬಂದಾಗ ಗೊತ್ತಾಗಲ್ವಾ?" ಅಕ್ಕ ತಂಗಿಯ ಕೈಚೀಲ ಎತ್ತಿ ಅವಳ ಮಡಿಲಿಗೆ ಹಾಕಿದಳು. "ಹೋಗು. ಯಾರನ್ನ ಕೇಳ್ಬೇಕೋ ಕೇಳ್ಕೊಂಡು ಬಾ. ನನಗೆ ಇದೊಂದು ಗೊತ್ತಾಗ್ಬೇಕು."

ಜ್ವರದಮ್ಮ ಏಳಲಿಲ್ಲ. ಕೇಳಬೇಕಾದ ಭಾವ ಸತ್ತುಹೋಗಿದ್ದ.