ಟವೆಲ್ಲಿನಡಿಯ ಬೆರಳು

ಮೊನ್ನೆ ಕುಂದಗೋಳದಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ಅರ್ಧ ಚೀಲ ಮೆಣಸಿನಕಾಯಿ ತಂದು ನನ್ನ ಕಾಲ ಬಳಿ ಇಟ್ಟಳು. ಘಾಟಿಗೆ ಸೀನಿ ಸೀನಿ ಕಣ್ಣು ತುಂಬಿದವು... ಕಾಕಾ ನೆನಪಾದರು. ಅವರ ಹೆಗಲ ಮೇಲಿನ ಟವೆಲ್ಲಿಗೂ ಇದೇ ವಾಸನೆ.

ಕಾಕಾ ಮೊದಲು ಎತ್ತಿನ ಸಂತೆಯಲ್ಲಿ ದಲಾಲಿ. ಆಮೇಲೆ ನಮ್ಮ ಮೆಣಸಿನಕಾಯಿ ಬೆಳೆಗಾರರ ಕಂಪನಿ ಊರೂರಿಗೆ ಖರೀದಿ ಕೇಂದ್ರ ತೆರೆದಾಗ, ನಮ್ಮೂರಿನದನ್ನು ಅವರೇ ನಡೆಸಿದರು. ನಾನು ಕಂಪನಿಯ ಗುಮಾಸ್ತ. ಬೇರೆ ಕೇಂದ್ರಗಳು ಹಿಂದಕ್ಕೆ ಕಳಿಸುತ್ತಿದ್ದ ಅರ್ಧ ಚೀಲ, ಸೀರೆಯ ಗಂಟಿನ ಕಾಯಿಯನ್ನೂ ಕಾಕಾ ಕೊಳ್ಳುತ್ತಿದ್ದರು. ಹೀಗಾಗಿ ಅವರ ಕೇಂದ್ರಕ್ಕೆ ಲಾಭ ಕಡಿಮೆ.

ಒಂದು ಕೇಂದ್ರ ಮುಚ್ಚಬೇಕೆಂಬ ಮಾತು ಬಂತು. ಬರೀ ಲಾಭ ನೋಡಬೇಡಿ, ಮಾಲಿನ ಗುಣ, ತೂಕದ ನಂಬಿಕೆ, ಸಣ್ಣ ರೈತರಿಗೆ ಆಸರೆ, ಇವನ್ನೂ ಅಳೆಯಿರಿ, ಯಾವುದಕ್ಕೆ ಎಷ್ಟು ಮಹತ್ವ ಎಂದು ಸದಸ್ಯರೇ ಕೂಡಿ ಐದರೊಳಗೆ ಅಂಕ ಕೊಡಿ ಎಂದು ಧಾರವಾಡದಿಂದ ಬಂದ ತರಬೇತಿಯವರು ಹೇಳಿಕೊಟ್ಟರು. ಕೂಡಿ ಕೊಡುವುದೆಲ್ಲಿ ಬಂತು! ಅಧ್ಯಕ್ಷರಾದ ಗೌಡರು ಲಾಭಕ್ಕೆ ಐದು ಎಂದರು, ಇಡೀ ಸಭೆ ಗೋಣು ಹಾಕಿತು.

ಆಗ ಕಾಕಾ ಎದ್ದು ಟವೆಲ್ ಬಿಡಿಸಿದರು. ಎತ್ತಿನ ವ್ಯಾಪಾರದಲ್ಲಿ ದರ ಯಾರಿಗೂ ಕಾಣದಂತೆ ಟವೆಲ್ಲಿನಡಿ ಬೆರಳು ಹಿಡಿದು ಹೇಳುತ್ತಾರಲ್ಲ, ಹಾಗೆಯೇ ಒಬ್ಬೊಬ್ಬರೂ ಒಂದೊಂದಕ್ಕೂ ಎಷ್ಟು ಅಂಕವೋ ಅಷ್ಟು ಬೆರಳು ತಮ್ಮ ಕೈಗೆ ಕೊಡಲಿ ಎಂದರು. ಗೌಡರ ಕಣ್ಣು ತಪ್ಪಿದರೆ ಸಣ್ಣವರು ಸಣ್ಣವರ ಪರ ನಿಲ್ಲುತ್ತಾರೆಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಎಲ್ಲರ ಕೈ ಮುಟ್ಟಿ ಮುಗಿಸಿದ ಕಾಕಾ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, ಲಾಭಕ್ಕೇ ಹೆಚ್ಚು ಬೆರಳು, ಸಣ್ಣ ರೈತರ ಆಸರೆಗೆ ಎಲ್ಲಕ್ಕಿಂತ ಕಡಿಮೆ ಎಂದು ಹೇಳಿಬಿಟ್ಟರು. ವರ್ಷದ ಕೊನೆಗೆ ಲಾಭದ ಪಾಲು ಸಿಗುತ್ತದಲ್ಲ, ಆ ಆಸೆ, ಹಾಳಾದ್ದು. ಆ ಅಳತೆಯಲ್ಲಿ ಕಾಕಾನ ಕೇಂದ್ರವೇ ಹಿಂದೆ ಬಿತ್ತು. ಅದನ್ನೇ ಮುಚ್ಚಿದರು.

ನನಗೆ ಮೈಯೆಲ್ಲ ಉರಿಯಿತು. "ಒಂದ್ ಸುಳ್ಳು ಹೇಳಿದ್ರ ಏನಾಗ್ತಿತ್ರಿ ಕಾಕಾ? ಒಳಗಿಂದು ನಿಮಗಷ್ಟ ಗೊತ್ತಿತ್ತು," ಎಂದೆ.

"ಟವೆಲ್ ಒಳಗಿಂದು ಹೊರಗ ತಿರುವಿ ಹೇಳಿದ್ರ ನಾ ಎಂಥಾ ದಲಾಲಿಲೇ?" ಎಂದರು ಕಾಕಾ.

ಯಾರು ಎಷ್ಟು ಕೊಟ್ಟರೆಂದು ಸಾಯುವತನಕ ಬಾಯಿ ಬಿಡಲಿಲ್ಲ. ಅವರ ಮಣ್ಣಿಗೆ ಬಂದು ಅತ್ತವರನ್ನೆಲ್ಲ ನಾನು ಸಿಟ್ಟಿನಿಂದಲೇ ನೋಡಿದೆ...

ಬಸ್ಸಿನಲ್ಲಿ ಚೀಲದ ಹೆಣ್ಣುಮಗಳು ನನ್ನ ಗುರುತು ಹಿಡಿದಳು. ಕಂಪನಿಯ ಹಳೆಯ ಸದಸ್ಯೆ, ಅಂದಿನ ಸಭೆಯಲ್ಲಿ ಬೆರಳು ಕೊಟ್ಟವಳು. "ಕಾಕಾನ ಕೇಂದ್ರ ಇದ್ದಿದ್ರ ಈ ಅರ್ಧ ಚೀಲಾ ಹೊತ್ಗೊಂಡು ಹುಬ್ಬಳ್ಳಿತನಕ ಯಾಕ ಹೋಗ್ತಿದ್ದೆನ್ರಿ," ಎಂದು ಕಣ್ಣೊರೆಸಿಕೊಂಡಳು.

ನೀ ಎಷ್ಟು ಬೆರಳು ಕೊಟ್ಟಿದ್ದೆಯವ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹುಬ್ಬಳ್ಳಿಯಲ್ಲಿ ಚೀಲ ಇಳಿಸುವಾಗ ಅವಳ ಬೆರಳು ನನ್ನ ಕೈಗೆ ತಾಗಿದವು. ಅವುಗಳ ಲೆಕ್ಕ ಕಾಕಾನ ಜೊತೆಗೇ ಮಣ್ಣಾಗಿದೆ.